ಹೊಸ ವಾಕಿಟಾಕಿ ತೆಗೆದುಕೊಳ್ಳುವುದಾ, ಹಳೇದಕ್ಕೇ ಬ್ಯಾಟರಿ ಹಾಕಿಸುವುದಾ? ಉಡುಪಿ-ಮಂಗಳೂರು ಕಡೆಯವರು ಹೇಳಿ

ಕಡಲಬದಿ_ಕಾಪು:

ಎಲ್ಲರಿಗೂ ನಮಸ್ಕಾರ. ಕಾಪು ಕಡೆ ನಮ್ಮದೊಂದು ಸಣ್ಣ ತಂಡ ಉಂಟು. ನೆರೆ ಬಂದರೆ ದೋಣಿ ತೆಗೆದುಕೊಂಡು ಹೋಗುವುದು, ರಜೆ ದಿನ ಬೀಚಿನಲ್ಲಿ ಕಾವಲು ನಿಲ್ಲುವುದು, ಜಾತ್ರೆ, ಉಡುಪಿ ಕೃಷ್ಣ ಮಠದ ಪರ್ಯಾಯ ಬಂದರೆ ಬಂದೋಬಸ್ತಿಗೆ ಕೈ ಜೋಡಿಸುವುದು, ಇಷ್ಟೇ. ಅರ್ಧ ಜನ ಹೋಂಗಾರ್ಡಿನವರು, ಉಳಿದವರು ಮೀನುಗಾರಿಕೆ ಮಾಡುವ ಹುಡುಗರು. ವಾಕಿಗೆ ಲೈಸೆನ್ಸ್ ಉಂಟು, ಆ ವಿಷಯದಲ್ಲಿ ಬೈಬೇಡಿ.

ಈಗ ನಮ್ಮ ಹತ್ತಿರ ಇರುವುದು ಮೋಟೊರೋಲಾ ಜಿಪಿ338, ಆರು ಸೆಟ್. ಹಳೇ ಅನಲಾಗ್ (ದನಿಯನ್ನು ಡಿಜಿಟಲ್ ಮಾಡದೆ ಹಾಗೇ ಕಳಿಸುವುದು), ವಿಎಚ್‌ಎಫ್ (150 ಮೆಗಾಹರ್ಟ್ಸ್ ಆಸುಪಾಸಿನ ಅಲೆ). ಎರಡು ಸತ್ತು ಹೋಗಿವೆ, ಒಂದರ ಮೈಕ್ ಮಳೆ ಬಂದ ದಿನ ಮಾತ್ರ ಕೆಲಸ ಮಾಡುವುದಿಲ್ಲ (ಅಂದರೆ ಬೇಕಾದ ದಿನ). ಒಬ್ಬ ದಾನಿಗಳು ಹತ್ತು ಹೊಸ ಸೆಟ್ಟಿಗೆ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ಅಂಗಡಿಯಲ್ಲಿ ಮೂರು ತರ ತೋರಿಸಿದರು. ಒಂದು, ಮೊಬೈಲಿನ ಹಾಗೆ ಟಚ್ ಇರುವುದು, ಸಿಮ್ ಹಾಕಿದರೆ ಆಯಿತು, "ಕಾಶ್ಮೀರದಿಂದಲೂ ಮಾತಾಡಬಹುದು ಸಾರ್" ಅಂದರು. ಇನ್ನೊಂದು ಡಿಎಂಆರ್ ಅನ್ನುವ ಡಿಜಿಟಲ್ ಪದ್ಧತಿಯದ್ದು, ಸ್ಕ್ರೀನು ಮತ್ತು ನಂಬರ್ ಬಟನ್ ಇರುವುದು. ಮೂರನೆಯದು ಅದೇ ಡಿಎಂಆರ್, ಆದರೆ ಸ್ಕ್ರೀನೇ ಇಲ್ಲ, ಮೇಲೆ ಎರಡು ತಿರುಪು (ದನಿ, ಚಾನೆಲ್ ಬದಲಿಸಲಿಕ್ಕೆ ತಿರುಗಿಸುವುದು), ಬದಿಯಲ್ಲಿ ಮೂರು ಬಟನ್.

ಹುಡುಗರಿಗೆಲ್ಲ ಟಚ್ ಬೇಕು. ನನಗೆ ಕಾಶ್ಮೀರದಲ್ಲಿ ನೆಂಟರಿಲ್ಲ. ಬಳಸಿ ಗೊತ್ತಿದ್ದವರು ಹೇಳಿ.

ಸಿಗ್ನಲ್_ಸುರತ್ಕಲ್:

ಟಚ್ ಅಂದ ಕೂಡಲೇ ಎಲ್ಲರೂ ಮುಖ ಸಿಂಡರಿಸುತ್ತಾರೆ, ನಾನು ಅದರ ಪರ ಸ್ವಲ್ಪ ಮಾತಾಡುತ್ತೇನೆ. ಅಮೆರಿಕದ ಪೊಲೀಸರಿಗೆ ಮೋಟೊರೋಲಾ 2019ರಲ್ಲಿ ಎಪಿಎಕ್ಸ್ ನೆಕ್ಸ್ಟ್ ಅಂತ ಒಂದು ಸೆಟ್ ತಂದಿತು. ಅದರಲ್ಲಿ ಟಚ್ ಉಂಟು, ಬಾಯಲ್ಲಿ ಹೇಳಿದರೆ ಚಾನೆಲ್ ಬದಲಾಗುತ್ತದೆ, ರೇಡಿಯೋ ಸಿಗ್ನಲ್ ಸಿಗದ ಕಡೆ ತಾನಾಗಿ ಮೊಬೈಲ್ ಟವರಿಗೆ ದಾಟುತ್ತದೆ. ಎಲ್3ಹ್ಯಾರಿಸ್ ಕಂಪನಿಯ ಎಕ್ಸ್ಎಲ್-200ಪಿ ಸೆಟ್ಟಿಗೆ ಟಚ್ ಇಲ್ಲ, ಆದರೂ ಅದೇ ದುಬಾರಿ ಜಾತಿಯದ್ದು, ಒಂದೇ ಸೆಟ್ಟಿನಲ್ಲಿ ವಿಎಚ್‌ಎಫ್, ಅದಕ್ಕೂ ಮೇಲಿನ ಯುಎಚ್‌ಎಫ್, 700/800 ಮೆಗಾಹರ್ಟ್ಸ್ ಎಲ್ಲ ಬ್ಯಾಂಡ್. ಮುಂದಿನ ಕಾಲ ಅದೇ. ಗ್ಲೌಸ್ ಹಾಕಿದ ಕೈಯಲ್ಲೂ, ಒದ್ದೆಯಾದರೂ ಎಪಿಎಕ್ಸ್ ಟಚ್ ಕೆಲಸ ಮಾಡುತ್ತದೆ ಅಂತ ಕಂಪನಿಯವರು ಹೇಳುತ್ತಾರೆ.

ಕಡಲಬದಿ_ಕಾಪು:

ಅದರ ರೇಟ್?

ಸಿಗ್ನಲ್_ಸುರತ್ಕಲ್:

ಲಕ್ಷಗಳ ಲೆಕ್ಕ. ಮತ್ತೆ ಅದು ಪಿ25 ಅಂತ ಅವರ ಪದ್ಧತಿಯದ್ದು. ಇಲ್ಲಿ ತಂದು ನೀವು ಅದರಲ್ಲಿ ಮಾತಾಡುವುದು ಯಾರ ಹತ್ತಿರ 😄 ನಾನು ಹೇಳಿದ್ದು ದಾರಿ ಎತ್ತ ಹೋಗುತ್ತಿದೆ ಅಂತ.

ರಿಟೈರ್ಡ್_ಆಪರೇಟರ್:

ಸುರತ್ಕಲ್ ತಮ್ಮಾ, ಆ ಸೆಟ್ಟಿನ ಫೋಟೋ ಸರಿಯಾಗಿ ನೋಡು. ಅಷ್ಟು ದುಡ್ಡಿನ ಟಚ್ ಸೆಟ್ಟಿಗೂ ತಲೆ ಮೇಲೆ ತಿರುಪು ಹಾಗೇ ಬಿಟ್ಟಿದ್ದಾರೆ, ಬದಿಯಲ್ಲಿ ಪಿಟಿಟಿ ಬಟನ್ (ಒತ್ತಿ ಹಿಡಿದು ಮಾತಾಡುವುದು) ಹಾಗೇ ಉಂಟು. ತಯಾರು ಮಾಡುವವರಿಗೇ ಗೊತ್ತು. ಕತ್ತಲಲ್ಲಿ, ಮಳೆಯಲ್ಲಿ, ಕಣ್ಣು ಎದುರಿನ ಜನರ ಮೇಲೆ ಇರುವಾಗ ಬೆರಳಿಗೆ ಸಿಗುವುದು ತಿರುಪು ಮಾತ್ರ.

ನಾನು ಮೂವತ್ತು ವರ್ಷ ವೈರ್‌ಲೆಸ್‌ನಲ್ಲೇ ಕೂತವನು. ಹೊಸ ಸೆಟ್ ಬಂದಾಗಲೆಲ್ಲ ಇದೇ ಚರ್ಚೆ. ಯಾವ ಸೆಟ್ ಅಂತ ಕೇಳುತ್ತಾರೆ, ಆಂಟೆನಾ ಎಲ್ಲಿ ಅಂತ ಒಬ್ಬರೂ ಕೇಳುವುದಿಲ್ಲ. ಕೈಯಲ್ಲಿ ಹಿಡಿಯುವ ಸೆಟ್ ಯಾವ ಕಂಪನಿಯದ್ದಾದರೂ ವಿಎಚ್‌ಎಫ್‌ನಲ್ಲಿ 5 ವಾಟ್ಸ್ ಆಸುಪಾಸು. ಲಕ್ಷದ್ದಕ್ಕೂ ಅಷ್ಟೇ, ಹತ್ತು ಸಾವಿರದ್ದಕ್ಕೂ ಅಷ್ಟೇ. 150 ಮೆಗಾಹರ್ಟ್ಸಿಗೆ ಕಾಲು ಅಲೆಯ ಆಂಟೆನಾ ಅಂದರೆ ಅರ್ಧ ಮೀಟರ್ ಉದ್ದ ಬೇಕು. ನಿಮ್ಮ ಸೆಟ್ಟಿನ ಮೇಲೆ ಇರುವ ಗಿಡ್ಡ ರಬ್ಬರ್ ಕೋಲು ಒಂದು ರಾಜಿ. ಅದನ್ನೂ ಸೊಂಟಕ್ಕೆ ಸಿಕ್ಕಿಸಿ, ಮೈಗೆ ಒತ್ತಿಕೊಂಡು ಮಾತಾಡಿದರೆ ಅರ್ಧಕ್ಕರ್ಧ ಶಕ್ತಿ ನಿಮ್ಮ ಹೊಟ್ಟೆಗೇ ಹೋಯಿತು ಅಂತ ತಿಳಿಯಿರಿ. ಮುಖದ ಮುಂದೆ ನೆಟ್ಟಗೆ ಹಿಡಿದು ಮಾತಾಡಲಿಕ್ಕೆ ಹುಡುಗರಿಗೆ ಕಲಿಸಿ. ಅದು ಪುಕ್ಕಟೆ.

ಇನ್ನು ಎತ್ತರ. ಸಮುದ್ರದ ಬದಿಯಲ್ಲಿ ಎರಡು ಮೀಟರ್ ಎತ್ತರದಲ್ಲಿ ಸೆಟ್ ಹಿಡಿದರೆ ಅದರ ದಿಗಂತ ಆರು ಕಿಲೋಮೀಟರ್ ಹತ್ತಿರ ಬರುತ್ತದೆ. ಅದೇ 25 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ 20 ಕಿಲೋಮೀಟರ್ ದಾಟುತ್ತದೆ. ನಿಮ್ಮೂರಿನಲ್ಲಿ 1901ರಲ್ಲಿ ದೀಪಸ್ತಂಭ ಕಟ್ಟಿದವರು ಸುಮ್ನೆ ಬಂಡೆ ಹುಡುಕಿ ಅದರ ಮೇಲೆ ಕಟ್ಟಿದ್ದಲ್ಲ. ಬೆಳಕಿಗೂ ಅದೇ ಲೆಕ್ಕ, ರೇಡಿಯೋಗೂ ಅದೇ ಲೆಕ್ಕ. ಹತ್ತು ಸೆಟ್ಟಿನ ಬದಲು ಎಂಟು ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಒಂದು ಬೇಸ್ ಸೆಟ್ (ಒಂದೇ ಕಡೆ ಕೂರಿಸುವುದು), ಯಾರದ್ದಾದರೂ ಎತ್ತರದ ತಾರಸಿ, ಒಳ್ಳೆ ಕೇಬಲ್.

ಮಲ್ಪೆ_ಬಂದರು:

ಆಪರೇಟರ್ ಸಾರ್ ಹೇಳಿದ್ದು ನೂರಕ್ಕೆ ನೂರು. ನಮ್ಮ ಬೋಟಿನಲ್ಲಿ 25 ವಾಟ್ಸಿನ ಮೆರೈನ್ ಸೆಟ್ ಉಂಟು, ಆದರೂ ಆಂಟೆನಾ ಕಂಬ ಬಗ್ಗಿದ ದಿನ ಪಕ್ಕದ ಬೋಟಿನವನಿಗೂ ಸರಿ ಕೇಳುವುದಿಲ್ಲ.

ಕಾಪು ಅಣ್ಣ, ನೀವು ನೀರಿಗೆ ಇಳಿಯುವವರಾದರೆ ಒಂದು ಮಾತು. ಅಂಗಡಿಯಲ್ಲಿ ತೋರಿಸಿದ ಸೆಟ್ ನೀರಿಗೆ ಬಿದ್ದರೆ ತೇಲುತ್ತದಾ? ಕೇಳಿದ್ದೀರಾ? ಐಪಿ67 ಅಂತ ಬರೆದದ್ದು ನೀರು ಒಳಗೆ ಹೋಗುವುದಿಲ್ಲ ಅಂತ ಹೇಳುತ್ತದೆ, ಮುಳುಗುವುದಿಲ್ಲ ಅಂತ ಅಲ್ಲ. ಆಳದಲ್ಲಿ ಕೂತು ಒಳ್ಳೆ ಕಂಡಿಶನ್ನಿನಲ್ಲಿ ಇರುತ್ತದೆ, ಮೀನು ಬೇಕಾದರೆ ಮಾತಾಡಬಹುದು. ಮೆರೈನ್ ಕೈಸೆಟ್ಟುಗಳಲ್ಲಿ ತೇಲುವುದು ಬರುತ್ತದೆ. ಐಕಾಮ್ ಎಂ37 ತೇಲುತ್ತದೆ, ನೀರು ತಾಗಿದ ಕೂಡಲೇ ಲೈಟ್ ಮಿಣುಕುತ್ತದೆ, ರಾತ್ರಿ ಹುಡುಕಲಿಕ್ಕೆ ಸುಲಭ.

ಕಡಲಬದಿ_ಕಾಪು:

ಕೇಳಲಿಲ್ಲ ಮಾರಾಯ್ರೆ, ತಲೆಗೇ ಹೋಗಲಿಲ್ಲ. ಹಾಗಾದರೆ ದೋಣಿಗೆ ಮೆರೈನ್ ಸೆಟ್, ದಡದಲ್ಲಿ ಇದು ಅಂತ ಮಾಡಿದರೆ ಒಂದಕ್ಕೊಂದು ಮಾತಾಡುತ್ತದಾ?

ಹ್ಯಾಮ್_ಕುಂದಾಪುರ:

ಕಾನೂನು ಪ್ರಕಾರ ಇಲ್ಲ. ಮೆರೈನ್ ಚಾನೆಲ್ 16 ಅಂದರೆ 156.8 ಮೆಗಾಹರ್ಟ್ಸ್. ನಿಮ್ಮ ವಿಎಚ್‌ಎಫ್ ಸೆಟ್ 136ರಿಂದ 174ರವರೆಗೆ ಹೋಗುತ್ತದೆ, ಹಾಗಾಗಿ ಪ್ರೋಗ್ರಾಮ್ ಮಾಡಿದರೆ ಮಾತಾಡಲಿಕ್ಕೆ ಆಗುತ್ತದೆ. ಆದರೆ ನಿಮ್ಮ ಲೈಸೆನ್ಸ್ ನಿಮಗೆ ಕೊಟ್ಟ ಫ್ರೀಕ್ವೆನ್ಸಿಗೆ ಮಾತ್ರ. 16 ಅಂದರೆ ಸಮುದ್ರದಲ್ಲಿ ಪ್ರಾಣ ಹೋಗುವಾಗ ಕರೆಯುವ ಚಾನೆಲ್, ಅದರಲ್ಲಿ ಆಟ ಬೇಡ. ದಡದಲ್ಲಿ ಒಬ್ಬ ಮನುಷ್ಯ ಎರಡೂ ಸೆಟ್ ಇಟ್ಟುಕೊಂಡು ಆ ಕಡೆಯ ಮಾತು ಈ ಕಡೆ ಹೇಳುವುದು ಹಳೇ ಉಪಾಯ, ಇವತ್ತಿಗೂ ಅದೇ ಒಳ್ಳೆಯದು. ದಡದಲ್ಲಿ ಇಡುವ ಮೆರೈನ್ ಸೆಟ್ಟಿಗೂ ಮೊದಲು ಅನುಮತಿ ವಿಚಾರಿಸಿ.

ಇನ್ನೊಂದು, ಹತ್ತು ಸೆಟ್ ತರುವ ಮೊದಲು ಲೈಸೆನ್ಸ್ ತೆಗೆದು ನೋಡಿ. ಅದರಲ್ಲಿ ಎಷ್ಟು ಸೆಟ್ ಅಂತ ಸಂಖ್ಯೆ ಇರುತ್ತದೆ. ಅನಲಾಗಿನಿಂದ ಡಿಜಿಟಲ್‌ಗೆ ಹೋಗುವುದನ್ನೂ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ಲೈಸೆನ್ಸ್ ಕೊಡುವ ಡಬ್ಲ್ಯುಪಿಸಿ ವಿಭಾಗಕ್ಕೆ ತಿಳಿಸಿ ಸರಿ ಮಾಡಿಸಿಕೊಳ್ಳಬೇಕು. ಸೆಟ್ ಮಾಡೆಲ್ಲಿಗೆ ಇಟಿಎ ಸರ್ಟಿಫಿಕೇಟ್ (ಉಪಕರಣಕ್ಕೆ ಸರ್ಕಾರದ ಒಪ್ಪಿಗೆ) ಉಂಟಾ ಅಂತ ಅಂಗಡಿಯವರ ಹತ್ತಿರ ಕಾಗದ ಕೇಳಿ.

ಬೈಕ್_ಚಾರ್ಮಾಡಿ:

ಇಷ್ಟೆಲ್ಲ ತಲೆನೋವು ಯಾಕೆ, ಆನ್‌ಲೈನ್‌ನಲ್ಲಿ ಬಾವೊಫೆಂಗ್ ಎರಡು ಸಾವಿರಕ್ಕೆ ಜೋಡಿ ಸಿಗುತ್ತಿತ್ತಲ್ಲ. ನಾವು ಟ್ರೆಕ್ಕಿಂಗ್‌ಗೆ ಅದನ್ನೇ ಒಯ್ಯುವುದು.

ಹ್ಯಾಮ್_ಕುಂದಾಪುರ:

ಬೈಕ್ ಅಣ್ಣ, ಆ ಸೆಟ್ಟನ್ನು ನಾನೂ ಬಳಸುತ್ತೇನೆ, ಆದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು, 144ರಿಂದ 146 ಮೆಗಾಹರ್ಟ್ಸಿನ ಒಳಗೆ. ನೀವು ಲೈಸೆನ್ಸ್ ಇಲ್ಲದೆ ಅದರಲ್ಲಿ ಬಟನ್ ಒತ್ತಿದರೆ ಎಲ್ಲಿ ಹೋಗಿ ಬೀಳುತ್ತೀರಿ ಅಂತ ನಿಮಗೇ ಗೊತ್ತಿರುವುದಿಲ್ಲ, ಪೊಲೀಸ್ ಚಾನೆಲ್ಲೇ ಆಗಬಹುದು. ಲೈಸೆನ್ಸ್ ಇಲ್ಲದೆ ಬಳಸಬಹುದಾದ್ದು 446.0ರಿಂದ 446.2 ಮೆಗಾಹರ್ಟ್ಸಿನ ಕಡಿಮೆ ಶಕ್ತಿಯ ಸೆಟ್, 2018ರ ನಿಯಮ. ಹೀಗೆ ಏನೂ ಹೇಳದೆ ಮಾರುತ್ತಾರೆ ಅಂತಲೇ 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟದ್ದು. ನೆರೆ ಸಮಯದಲ್ಲಿ ಲೈಸೆನ್ಸ್ ಇಲ್ಲದ ಹತ್ತು ಸೆಟ್ ಒಂದೇ ಊರಿನಲ್ಲಿ ಕಿರುಚಿದರೆ ನಿಜವಾದ ಕರೆ ಯಾರಿಗೂ ಕೇಳುವುದಿಲ್ಲ.

ಬೈಕ್_ಚಾರ್ಮಾಡಿ:

ಸರಿ ಸರಿ, ಬೈದದ್ದು ಸಾಕು. ಕಿವಿಗೆ ಬಿತ್ತು.

ಹೋಂಗಾರ್ಡ್_ಅಕ್ಕ:

ಸಿಮ್ ಸೆಟ್ಟಿನ ಬಗ್ಗೆ ನಾನು ಹೇಳುತ್ತೇನೆ. ಪರ್ಯಾಯದ ರಾತ್ರಿ ನನ್ನ ಡ್ಯೂಟಿ ರಥಬೀದಿಗೆ ಹೋಗುವ ದಾರಿಯಲ್ಲಿತ್ತು. ಜೋಡುಕಟ್ಟೆಯಿಂದ ಮೆರವಣಿಗೆ ಹೊರಟಿತು. ಆ ಜನ ನೋಡಿದವರಿಗೆ ಗೊತ್ತು, ಕಾಲು ಎತ್ತಿದರೆ ಇಡಲಿಕ್ಕೆ ಜಾಗ ಇಲ್ಲ. ನಮಗೆ ಒಂದು ಕಡೆಯಿಂದ ಆ ಸಿಮ್ ವಾಕಿ ಕೊಟ್ಟಿದ್ದರು. ಸಂಜೆ ಆರಕ್ಕೆ ಚೆಂದ ಕೇಳಿತು, ಫೋನಿಗಿಂತ ಸ್ಪಷ್ಟ. ರಾತ್ರಿ ಎಲ್ಲರೂ ಮೊಬೈಲ್ ಎತ್ತಿ ವಿಡಿಯೋ ಕಳಿಸಲಿಕ್ಕೆ ಶುರು ಮಾಡಿದ ಮೇಲೆ ಅದು ಸುತ್ತುತ್ತಲೇ ಉಂಟು, ಸುತ್ತುತ್ತಲೇ ಉಂಟು. ಒಂದು ಮಗು ತಪ್ಪಿಸಿಕೊಂಡಿತ್ತು, ನಾನು ಹೇಳಿದ ಅಂಗಿಯ ಬಣ್ಣ ಆ ಕಡೆಯವರಿಗೆ ತಲುಪುವಾಗ ಮಗು ಅಮ್ಮನ ಕೈಯಲ್ಲಿತ್ತು. ಪೊಲೀಸರೊಬ್ಬರ ಹಳೇ ವಾಕಿ ಇತ್ತಲ್ಲ, ಕರಕರ ಅನ್ನುತ್ತಲೇ ಕೆಲಸ ಮಾಡಿತು.

ಟಚ್ ಬಗ್ಗೆ: ಬೆವರು ಕೈ, ಮೇಲೆ ಬಿಸಿಲು, ಸ್ಕ್ರೀನಿನಲ್ಲಿ ನನ್ನ ಮುಖ ಮಾತ್ರ ಕಾಣುವುದು. ಮತ್ತೆ ಈ ಸೆಟ್ ಮಾಡುವವರು ಹೆಂಗಸರ ಕೈ ನೋಡಿಯೇ ಇಲ್ಲವಾ ಅಂತ ನನಗೆ ಸಂಶಯ. ಕೆಲವು ಸೆಟ್ ಹಿಡಿದು ಬಟನ್ ಒತ್ತಲಿಕ್ಕೆ ಎರಡು ಕೈ ಬೇಕು. ಸೊಂಟದಲ್ಲಿ ನೇತಾಡಿ ಬೆಲ್ಟ್ ಕೆಳಗೆ ಎಳೆಯುತ್ತದೆ. ಹೆಗಲ ಮೈಕ್ ಇದ್ದರೆ ಬೇರೆಯೇ ಸುಖ. ತಂಡದಲ್ಲಿ ಹೆಂಗಸರಿದ್ದರೆ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ.

ಸಿಗ್ನಲ್_ಸುರತ್ಕಲ್:

ಅಕ್ಕ ಹೇಳಿದ್ದು ಒಪ್ಪಿದೆ. ಮೊಬೈಲ್ ಟವರನ್ನೇ ನಂಬಿದ ಸೆಟ್ಟಿಗೆ ವಾಕಿ ಅನ್ನಬಾರದು. ಟವರ್ ಬಿದ್ದರೆ ಪಕ್ಕದಲ್ಲಿ ನಿಂತವರ ಹತ್ತಿರವೂ ಅದು ಮಾತಾಡುವುದಿಲ್ಲ. ನಾನು ಹೇಳಿದ ದುಬಾರಿ ಸೆಟ್ಟುಗಳಲ್ಲಿ ರೇಡಿಯೋ ಮೊದಲು, ಟವರ್ ಆಮೇಲೆ.

ಬೈಕ್_ಚಾರ್ಮಾಡಿ:

ಟವರ್ ಬಗ್ಗೆ ನನಗೂ ಗೊತ್ತುಂಟು. ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದ ಒಂದು ರಾತ್ರಿ ನಾವು ನಡುವೆ ಸಿಕ್ಕಿಬಿದ್ದಿದ್ದೆವು. ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿನಲ್ಲಿ ಟವರ್ ಬ್ಯಾಟರಿಯೂ ಹೋಯಿತು, ನಾಲ್ಕು ಕಂಪನಿಯ ನಾಲ್ಕು ಫೋನು, ನಾಲ್ಕರಲ್ಲೂ ಸೊನ್ನೆ. ಘಟ್ಟದ ಕೆಲಸಕ್ಕೆ ವಿಎಚ್‌ಎಫ್ ಒಳ್ಳೆಯದಾ, ಯುಎಚ್‌ಎಫ್ ಒಳ್ಳೆಯದಾ?

ರಿಟೈರ್ಡ್_ಆಪರೇಟರ್:

ಕಾಡಿಗೆ ವಿಎಚ್‌ಎಫ್. ಒದ್ದೆ ಎಲೆಗಳು ಯುಎಚ್‌ಎಫ್ಅನ್ನು ಜಾಸ್ತಿ ತಿನ್ನುತ್ತವೆ. ದೊಡ್ಡ ಆಸ್ಪತ್ರೆ, ಮಾಲ್, ಕಾಂಕ್ರೀಟ್ ಕಟ್ಟಡದ ಒಳಗೆ ಯುಎಚ್‌ಎಫ್ ಕಿಟಕಿ, ಬಾಗಿಲ ಸಂದಿಯಲ್ಲಿ ಚೆನ್ನಾಗಿ ನುಗ್ಗುತ್ತದೆ. ಆದರೆ ಎದುರಿಗೆ ಗುಡ್ಡವೇ ಅಡ್ಡ ಬಂದರೆ ಎರಡೂ ಇಲ್ಲ, ಗುಡ್ಡದ ಮೇಲೆ ರಿಪೀಟರ್ (ಬಂದ ಮಾತನ್ನು ಹಿಡಿದು ಮತ್ತೆ ಬಿಡುವ ಸೆಟ್) ಬೇಕು. ಆ ರಿಪೀಟರಿಗೂ ಸಿಡಿಲು ಹೊಡೆಯುತ್ತದೆ ಅಂತ ನೆನಪಿಟ್ಟು, ರಿಪೀಟರ್ ಇಲ್ಲದೆ ನೇರ ಮಾತಾಡುವ ಒಂದು ಚಾನೆಲ್ ಎಲ್ಲ ಸೆಟ್ಟಿನಲ್ಲೂ ಇರಲಿ.

ತಾಸೆ_ಪೆಟ್ಟು:

ಡಿಜಿಟಲ್ ಬಗ್ಗೆ ಯಾರೂ ಗದ್ದಲದ ವಿಷಯ ಎತ್ತಲಿಲ್ಲ. ನಾನು ಬೆಂಕಿ ಆರಿಸುವ ಕೆಲಸದವನು, ದಸರಾಕ್ಕೆ ಕುದ್ರೋಳಿ ಕಡೆ ಡ್ಯೂಟಿ ಬೀಳುತ್ತದೆ. ಹುಲಿವೇಷದ ತಾಸೆ ವಾದ್ಯದ ಪಕ್ಕದಲ್ಲಿ ನಿಂತು ಡಿಜಿಟಲ್ ವಾಕಿಯಲ್ಲಿ ಮಾತಾಡಿ ನೋಡಿ. ಆ ಕಡೆಯವನಿಗೆ ಮಾತೂ ಕೇಳುವುದಿಲ್ಲ, ತಾಸೆಯೂ ಕೇಳುವುದಿಲ್ಲ, ಗೊಳಗೊಳ ಅಂತ ಬಾಯಿ ಮುಕ್ಕಳಿಸಿದ ಹಾಗೆ ಎಂತದೋ ಕೇಳುತ್ತದೆ.

ಕಾರಣ ಉಂಟು. ಡಿಎಂಆರ್ ಸೆಟ್ ನಿಮ್ಮ ದನಿಯನ್ನು ಸೆಕೆಂಡಿಗೆ ಸುಮಾರು 2,450 ಬಿಟ್‌ಗೆ ಹಿಂಡುತ್ತದೆ. ಮನುಷ್ಯರ ಮಾತು ಹೇಗಿರುತ್ತದೆ ಅಂತ ಮಾತ್ರ ಅದಕ್ಕೆ ಗೊತ್ತು. ಚೆಂಡೆ, ಸೈರನ್, ಮರ ಕೊಯ್ಯುವ ಯಂತ್ರ ಇಂಥದ್ದೆಲ್ಲ ಜೊತೆಗೆ ಬಂದರೆ ಅದಕ್ಕೆ ಗಲಿಬಿಲಿ. ಅಮೆರಿಕದ ಅಗ್ನಿಶಾಮಕ ಮುಖ್ಯಸ್ಥರ ಸಂಘದವರು 2008ರಲ್ಲೇ ಇದನ್ನು ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದಾರೆ, ಉಸಿರಾಟದ ಮಾಸ್ಕ್ ಮತ್ತು ಗರಗಸದ ಸದ್ದಿನಲ್ಲಿ ಡಿಜಿಟಲ್ ಕಷ್ಟಪಡುತ್ತದೆ ಅಂತ. ಈಗಿನ ಸೆಟ್ಟುಗಳು ಸುಧಾರಿಸಿವೆ. ಎರಡು ಮೈಕ್ ಇಟ್ಟು ಹಿಂದಿನ ಗದ್ದಲ ಕಳೆಯುವುದು ಬಂದಿದೆ, ಮೋಟೊರೋಲಾ ಆರ್7 ಆ ವಿಷಯದಲ್ಲಿ ನನಗೆ ಇಷ್ಟವಾಯಿತು. ಆದರೂ ಅಂಗಡಿಯ ಎಸಿ ರೂಮಿನಲ್ಲಿ "ಹಲೋ ಹಲೋ" ಅಂದು ನೋಡಿ ತರಬೇಡಿ. ಒಂದು ಕಂಬಳಕ್ಕೆ ತೆಗೆದುಕೊಂಡು ಹೋಗಿ ನೋಡಿ.

ಕಡಲಬದಿ_ಕಾಪು:

ಹಾಗಾದರೆ ಅನಲಾಗೇ ಸಾಕಾ? ತಲೆ ಕೆಟ್ಟಿತು.

ತಾಸೆ_ಪೆಟ್ಟು:

ಇಲ್ಲಪ್ಪ, ಡಿಜಿಟಲ್ ತೆಗೆದುಕೊಳ್ಳಿ, ಸಾಧಾರಣ ಎಲ್ಲ ಡಿಎಂಆರ್ ಸೆಟ್ಟೂ ಅನಲಾಗಿನಲ್ಲೂ ಮಾತಾಡುತ್ತದೆ. ಚಾನೆಲ್ ಒಂದೊಂದಕ್ಕೆ ಬೇರೆ ಬೇರೆ ಮಾಡಿಸಬಹುದು. ಬ್ಯಾಟರಿ ಜಾಸ್ತಿ ಬರುತ್ತದೆ, ಯಾಕೆಂದರೆ ಮಾತಾಡುವಾಗ ಅದು ಅರ್ಧ ಸಮಯ ಮಾತ್ರ ಸಿಗ್ನಲ್ ಬಿಡುವುದು. ರಿಪೀಟರ್ ಇದ್ದರೆ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲಿನಲ್ಲಿ ಎರಡು ಮಾತುಕತೆ. ಆದರೆ ಹಳೇ ಜಿಪಿ338 ಹಿಡಿದವನಿಗೆ ನಿಮ್ಮ ಡಿಜಿಟಲ್ ಮಾತು ಜೀರುಂಡೆಯ ಹಾಗೆ ಗುಂಯ್ ಅಂತಲೇ ಕೇಳುವುದು. ಹಾಗಾಗಿ ಹಳೇ ಸೆಟ್ ಸಾಯುವವರೆಗೆ ಎಲ್ಲರೂ ಸೇರುವ ಚಾನೆಲ್ ಅನಲಾಗ್ ಇರಲಿ.

ಸರ್ವಿಸ್_ಬೆಂಚ್:

ತಡವಾಗಿ ಬಂದೆ. ನಾನು ಮಂಗಳೂರಿನಲ್ಲಿ ಈ ಸೆಟ್ಟುಗಳನ್ನು ಬಿಚ್ಚಿ ಕೂರುವವನು, ಹಂಪನಕಟ್ಟೆ ಹತ್ತಿರ. ನಿಮ್ಮೆಲ್ಲರ ಚರ್ಚೆಯಲ್ಲಿ ಉಪ್ಪು ಬರಲೇ ಇಲ್ಲ!

ಘಟ್ಟದ ಮೇಲಿನ ಸೆಟ್ ಹತ್ತು ವರ್ಷ ಬಂದರೆ ಕರಾವಳಿಯದ್ದು ಐದಕ್ಕೇ ನನ್ನ ಮೇಜಿಗೆ ಬರುತ್ತದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅದೂ ಹೊಸ ಸೆಟ್, ಸಿಹಿನೀರು. ಮೂರು ವರ್ಷ ಬಿಸಿಲು ತಿಂದ ರಬ್ಬರ್ ರಿಂಗು, ಯಾರೋ ತೆರೆದು ಸರಿಯಾಗಿ ಮುಚ್ಚದ ಮೈಕ್ ಮುಚ್ಚಳ, ಅಷ್ಟಾದರೆ ಆ ನಂಬರು ಬರೀ ನಂಬರು. ಮೊದಲು ಹೋಗುವುದು ಆಂಟೆನಾ ಬುಡ, ಆಮೇಲೆ ಬ್ಯಾಟರಿ ಕೂರುವ ಕಡೆಯ ಹಿತ್ತಾಳೆ ಪಟ್ಟಿ, ಆಮೇಲೆ ಸ್ಪೀಕರ್ ಜಾಲರಿ. ಹಸಿರು ಕಿಲುಬು ಹಿಡಿದಿರುತ್ತದೆ. ಕಡಲಿನಿಂದ ಬಂದ ದಿನವೇ ಮುಚ್ಚಳ ಹಾಕಿ ನಲ್ಲಿ ನೀರಿನಲ್ಲಿ ಮೆಲ್ಲ ತೊಳೆಯಿರಿ, ಒರೆಸಿ, ಬ್ಯಾಟರಿ ಬಿಚ್ಚಿ ಫ್ಯಾನ್ ಕೆಳಗೆ ಇಡಿ. ಮುಚ್ಚಳ ಹರಿದ ಸೆಟ್ಟಾದರೆ ಒದ್ದೆ ಬಟ್ಟೆ ಮಾತ್ರ. ಅನ್ನದ ಅಕ್ಕಿಯಲ್ಲಿ ಹೂತಿಡಬೇಡಿ ಮಾರಾಯ್ರೆ, ಅಕ್ಕಿಯ ಹುಡಿ ತೆಗೆಯುವುದೇ ನನಗೆ ಅರ್ಧ ದಿನ.

ಬ್ಯಾಟರಿ ಬಗ್ಗೆ ಕೂಡ ಹೇಳಿಬಿಡುತ್ತೇನೆ. ಹೊರಗೆ ಸಿಗುವ ಅರ್ಧ ರೇಟಿನ ಬ್ಯಾಟರಿಯಲ್ಲಿ ಬರೆದ ಸಂಖ್ಯೆ ನಂಬಬೇಡಿ. ಒಂದು ಕಡೆಯವರು ನೆರೆ ಕೆಲಸದ ತಂಡಕ್ಕೆ ಅಂಥದ್ದನ್ನೇ ಹಾಕಿಕೊಟ್ಟಿದ್ದರು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ನೆರೆ ಬಂತಲ್ಲ, ಅದಾದ ಮೇಲೆ ಆ ಸೆಟ್ಟುಗಳು ನನ್ನ ಹತ್ತಿರ ಬಂದವು. ಎಂಟರಲ್ಲಿ ಆರು ಬ್ಯಾಟರಿ ಉಬ್ಬಿ ಸೆಟ್ಟಿನಿಂದ ಬಿಚ್ಚಲಿಕ್ಕೇ ಬರಲಿಲ್ಲ. ಹೊಸ ಸೆಟ್ ತರುವಾಗಲೇ ಒಂದಕ್ಕೆ ಎರಡು ಕಂಪನಿ ಬ್ಯಾಟರಿ ತನ್ನಿ. ಡ್ಯೂಟಿ ಇಲ್ಲದ ತಿಂಗಳು ಪೂರ್ತಿ ಚಾರ್ಜ್ ಮಾಡಿ ಬೀರುವಿನಲ್ಲಿ ಇಡಬೇಡಿ, ಅರ್ಧ ಇದ್ದರೆ ಸಾಕು. ಮೇ ಕೊನೆಗೆ, ಮಳೆಗೆ ಮೊದಲು, ಎಲ್ಲ ತೆಗೆದು ಒಂದು ಸುತ್ತು ಪರೀಕ್ಷೆ ಮಾಡಿ.

ಮತ್ತೆ ಸ್ಕ್ರೀನ್ ಇಲ್ಲದ ಸೆಟ್ ನನ್ನ ಹತ್ತಿರ ಕಡಿಮೆ ಬರುತ್ತದೆ. ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲ, ಆದರೂ ಹೇಳಿದೆ.

ಮಲ್ಪೆ_ಬಂದರು:

ಅಕ್ಕಿ ವಿಷಯದಲ್ಲಿ ನಾನು ತಪ್ಪಿತಸ್ಥ 🙏 ಕುಚ್ಚಲಕ್ಕಿ ಬೇರೆ.

ಕಡಲಬದಿ_ಕಾಪು:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎರಡು ವಾರ ಆಯಿತು, ನಡೆದದ್ದು ಬರೆಯುತ್ತೇನೆ.

ಮೊದಲು ಕುಂದಾಪುರದವರು ಹೇಳಿದ ಹಾಗೆ ಲೈಸೆನ್ಸ್ ತೆಗೆದು ನೋಡಿದೆ. ಅದರಲ್ಲಿ ಎಂಟು ಸೆಟ್ ಅಂತ ಉಂಟು, ಅನಲಾಗ್ ಅಂತಲೂ ಉಂಟು. ಡಿಜಿಟಲ್‌ಗೆ ಅರ್ಜಿ ಕಳಿಸಿ ಆಯಿತು. ಆಮೇಲೆ ಅಂಗಡಿಯವರನ್ನು ಕಾಡಿ ಬೇಡಿ ಸ್ಕ್ರೀನ್ ಇಲ್ಲದ ಡಿಎಂಆರ್ ಎರಡು, ಸಿಮ್ಮಿನದ್ದು ಎರಡು ಒಂದು ಭಾನುವಾರದ ಮಟ್ಟಿಗೆ ತಂದೆವು. ಅವರೂ ಜೊತೆಗೇ ಬಂದರು, ಡಿಜಿಟಲ್ ಒತ್ತಿ ತೋರಿಸಿದ್ದು ಅವರ ಡೆಮೋ ಫ್ರೀಕ್ವೆನ್ಸಿಯಲ್ಲೇ. ಬೀಚಿನಲ್ಲಿ ಒಬ್ಬ ನಿಂತ, ಇನ್ನೊಬ್ಬ ಬೈಕಿನಲ್ಲಿ ಉಚ್ಚಿಲದ ಕಡೆ ಹೊರಟ. ತೆಂಗಿನ ತೋಟದ ನಡುವೆ ನಾಲ್ಕು ಕಿಲೋಮೀಟರ್ ಹತ್ತಿರ ಹೋಗುವವರೆಗೆ ಡಿಜಿಟಲ್ ಗಾಜಿನ ಹಾಗೆ ಸ್ಪಷ್ಟ, ಮತ್ತೆ ಪಟ್ ಅಂತ ಕಟ್. ಒಂದು ಅಕ್ಷರ ಇಲ್ಲ. ನಮ್ಮ ಹಳೇ ಜಿಪಿ338 ಅದೇ ಜಾಗದಲ್ಲಿ ಕರಕರ ಅನ್ನುತ್ತಾ ಇನ್ನೂ ಸ್ವಲ್ಪ ದೂರ ಎಳೆಯಿತು. ಬೀಚಿನವನು ದೀಪಸ್ತಂಭದ ಬಂಡೆ ಹತ್ತಿ ನಿಂತ ಮೇಲೆ ಎರಡೂ ಉಚ್ಚಿಲ ಪೇಟೆಯಲ್ಲೇ ಕೇಳಿತು. ಆಪರೇಟರ್ ಸಾರ್ ಹೇಳಿದ ಎತ್ತರ ಅಂದರೆ ಎಂತ ಅಂತ ಹುಡುಗರಿಗೆ ಅವತ್ತು ಗೊತ್ತಾಯಿತು, ನಾನು ಬಾಯಿ ಬಿಡಬೇಕಾಗಲಿಲ್ಲ.

ಸಿಮ್ ಸೆಟ್ ದಡದಲ್ಲಿ ಎಲ್ಲ ಕಡೆ ಚೆನ್ನಾಗಿ ಕೇಳಿತು, ಸುಳ್ಳು ಹೇಳಬಾರದು. ಆದರೆ ಬಕೆಟ್ ನೀರು ಎರಚಿದೆವು ನೋಡಿ, ಸ್ಕ್ರೀನು ತಾನೇ ಒತ್ತಿಕೊಂಡು ಗ್ರೂಪ್ ಬದಲಾಯಿಸಿತು. ಟಚ್ ಬೇಕು ಅಂದವನೇ ವಾಪಸ್ ತಂದುಕೊಟ್ಟ.

ಈಗ ಎಂಟು ಡಿಎಂಆರ್, ತಿರುಪಿನದ್ದೇ. ಒಂದಕ್ಕೆ ಎರಡು ಬ್ಯಾಟರಿ, ನಾಲ್ಕಕ್ಕೆ ಹೆಗಲ ಮೈಕ್. ಅನುಮತಿ ಬರುವವರೆಗೆ ಎಲ್ಲ ಅನಲಾಗಿನಲ್ಲೇ. ಹಳೇದರಲ್ಲಿ ಸಾಯದೆ ಉಳಿದ ನಾಲ್ಕು ಬೀರುವಿಗೆ, ಲೈಸೆನ್ಸ್ ಸಂಖ್ಯೆ ಸರಿಯಾಗುವವರೆಗೆ ಅವನ್ನು ಒತ್ತುವುದಿಲ್ಲ. ದೋಣಿಗೆ ತೇಲುವ ಮೆರೈನ್ ಸೆಟ್ ಮುಂದಿನ ಕಂತು, ಅದಕ್ಕೆ ಮೊದಲು ದಾಖಲೆ ನೋಡಬೇಕು. ಬೇಸ್ ಆಂಟೆನಾ ಯಾರ ತಾರಸಿ ಮೇಲೆ ಅಂತ ಜಗಳ ನಡೆಯುತ್ತಾ ಉಂಟು.

ರಿಟೈರ್ಡ್_ಆಪರೇಟರ್:

ತಾರಸಿಗೆ ಅರ್ತಿಂಗ್ ಸರಿ ಮಾಡಿಸಿ. ಏಪ್ರಿಲ್-ಮೇ ಸಿಡಿಲು ನಮ್ಮ ಕಡೆ ಹೇಗೆ ಅಂತ ಹೇಳಬೇಕಾಗಿಲ್ಲ.

ಹೋಂಗಾರ್ಡ್_ಅಕ್ಕ:

ಒಂದು ಸಣ್ಣ ವಿಷಯ. ಸ್ಕ್ರೀನ್ ಇಲ್ಲದ ಸೆಟ್ಟಿನಲ್ಲಿ ಕತ್ತಲಲ್ಲಿ ಯಾವ ಚಾನೆಲ್ ಅಂತ ಗೊತ್ತಾಗುವುದಿಲ್ಲ. ಎಲ್ಲರೂ ಸೇರುವ ಚಾನೆಲ್ ಇರುವ ಕಡೆ ತಿರುಪಿನ ಪಕ್ಕ ಉಗುರು ಬಣ್ಣದಲ್ಲಿ ದಪ್ಪ ಚುಕ್ಕೆ ಇಡಿ, ಒಣಗಿದ ಮೇಲೆ ಇನ್ನೊಮ್ಮೆ ಇಡಿ. ಬೆರಳಿಗೆ ಉಬ್ಬು ತಾಗುತ್ತದೆ.

ಕಡಲಬದಿ_ಕಾಪು:

ಮನೆಯಲ್ಲಿ ಕೇಳಿದೆ. ಕೆಂಪು ಕೊಡುವುದಿಲ್ಲವಂತೆ, ಹಳೇ ಗುಲಾಬಿ ಬಣ್ಣದ್ದು ಉಂಟಂತೆ. ಇವತ್ತು ರಾತ್ರಿ ಎಂಟಕ್ಕೂ ಹಚ್ಚುತ್ತೇನೆ.